ಡಾಕ್ಟರು ಮಾಡಿದ ರೆಕಾರ್ಡರ್

ಅಂಬುಜಮ್ಮ ಲ್ಯಾಪ್‌ಟಾಪನ್ನು ಎಡಗೈಯಲ್ಲಿ ಎದೆಗವಚಿಕೊಂಡು ಕಾರು ಹತ್ತಲು ಹೋದರೆ, ಮಗಳು ಗಾರ್ಗಿ ಅದನ್ನು ಮೆಲ್ಲಗೆ ಬಿಡಿಸಿಕೊಳ್ಳಲು ನೋಡಿದಳು.

"ಅಮ್ಮಾ, ಇಟ್ಸ್ ಅಪ್ಪಾಸ್ ಫ್ಯೂನರಲ್. ಇದ್ಯಾಕೆ? ಪ್ಲೀಸ್, ಲೀವ್ ಇಟ್."

"ಬ್... ಬ್ಯಾಡ," ಅಂದರು ಅಂಬುಜಮ್ಮ. ಲಕ್ವಾ ಹೊಡೆದ ಮೇಲೆ ಅವರ ಬಾಯಲ್ಲಿ ಹೆಚ್ಚು ಹೊತ್ತು ಹಿಡಿಯದೆ ಬರುತ್ತಿದ್ದ ಮಾತು ಅದೊಂದೇ. ಹೇಳಬೇಕಾದದ್ದು ಬೇರೆಯೇ ಇತ್ತು. ಗಂಡನ ಶವಪೆಟ್ಟಿಗೆ ಕಣ್ಮರೆಯಾಗುವ ಮುಂಚೆ ಅದನ್ನು ಹೇಳಿಬಿಡಬೇಕು. ಬರುತ್ತದೋ ಇಲ್ಲವೋ, ದೇವರೇ ಬಲ್ಲ.

"ಇರ್ಲಿ ಬಿಡಿ ಗಾರ್ಗಿ, ನಾನು ಹಿಡ್ಕೋತೀನಿ," ಎಂದ ವಿಕಾಸ. ಪರದೇಶದ ಪಿನ್ನರ್ ಎಂಬ ಊರಿನ ಆ ಬೀದಿಯಲ್ಲಿ ಕನ್ನಡ ಮಾತಾಡುವ ನೆರೆಯವನೆಂದರೆ ಅವನೊಬ್ಬನೇ. ಅಂಬುಜಮ್ಮ ಅವನಿಗೂ ಕೊಡಲಿಲ್ಲ.

*

ಡಾಕ್ಟರು ಆಯುಷ್ಯವಿಡೀ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟವರು. ಕಣ್ಣು ಬಿಟ್ಟ ರೋಗಿಯ ಹೆಸರು ಕೇಳಿ, ಉತ್ತರ ಬರುವ ತನಕ ಮಂಚದ ಪಕ್ಕ ನಿಲ್ಲುವುದು ಅವರ ಅಭ್ಯಾಸ. ರಿಟೈರಾಗಿ ಹಾಯಾಗಿರಬೇಕಾದ ಮನುಷ್ಯ, ಹೆಂಡತಿಯ ಮಾತು ಬಿದ್ದುಹೋದ ಮೇಲೆ, ಕ್ಯಾನರಿ ವಾರ್ಫಿನ ಸಾಫ್ಟ್‌ವೇರ್ ಕೆಲಸದಿಂದ ದಣಿದು ಬಂದ ವಿಕಾಸನನ್ನು ಊಟದ ಮೇಜಿಗೆ ಹಿಡಿದು ಕೂರಿಸಿ ಪ್ರೋಗ್ರಾಮ್ ಬರೆಯಲು ಕಲಿತರು.

"ಅಂಕಲ್, ರೆಕಾರ್ಡ್ ಮಾಡೋ ಆಪ್ ಫೋನಲ್ಲೇ ಇರತ್ತಲ್ಲ. ಯಾಕೆ ಈ ಒದ್ದಾಟ?"

"ನಾ ಹಾಕಿ ನೋಡಿದ್ವು ಎಲ್ಲಾ, ಒಂದೀಟು ಸುಮ್ನಾದ್ರ ಮುಗೀತು ಅಂತ ತಾವ ಬಂದ್ ಆಗ್ತಾವಪ್ಪ. ನಮ್ಮಕಿಗೆ ಮಾತು ಬರ್ಲಿಕ್ಕೆ ಹೊತ್ತು ಬೇಕು."

ಅವರು ಲ್ಯಾಪ್‌ಟಾಪಿನಲ್ಲಿ ಮಾಡಿದ ರೆಕಾರ್ಡರ್ ತಾನಾಗಿ ಬಂದ್ ಆಗುತ್ತಿರಲಿಲ್ಲ. ಪ್ರಶ್ನೆಗೊಂದು ಗುಂಡಿ. ಒತ್ತಿದರೆ ಡಾಕ್ಟರ ದನಿ ಕೇಳುತ್ತಿತ್ತು; ಆಮೇಲೆ ಕೆಂಪು ಚುಕ್ಕೆ ಹೊತ್ತಿ ರೆಕಾರ್ಡಿಂಗ್ ಶುರು. ಸ್ಕ್ರೀನಿನ ಮೇಲೆ ಹಸಿರು ಗೆರೆ ಹರಿಯುತ್ತಿತ್ತು, ದನಿ ಬಂದರೆ ಕುಣಿಯುತ್ತಿತ್ತು. ಯಾರಾದರೂ ನಿಲ್ಲಿಸುವ ತನಕ ಕಾಯುತ್ತಲೇ ಇರುತ್ತಿತ್ತು. ಬೆಳಿಗ್ಗೆ ಏನು ಕುಡಿದಿ? ಮಗಳ ಹೆಸರೇನು? ಎಲ್ಲಕ್ಕೂ ತಡವಾಗಿಯಾದರೂ ಉತ್ತರ ಬಂತು. ಕೊನೆಯದಕ್ಕೆ ಮಾತ್ರ ಇಲ್ಲ: ನನ್ನ ಹೆಸರೇನು?

ಕೇಳಿಸಿಕೊಂಡ ಸ್ಪೀಚ್ ಥೆರಪಿಸ್ಟ್, ಅಯ್ಯೋ, ಗಂಡನ ಹೆಸರೇ ಮರೆತುಹೋಗಿದೆಯಲ್ಲ ಎಂದು ಮರುಗಿದಳು. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೇಳಿದೇನ ಅಂಬೂ? ಗಂಡನ ಹೆಸರು ತಗೀಬಾರದು ಅಂತ ನಿಮ್ಮವ್ವ ಕಲಿಸಿದ್ದು, ಇಲ್ಲಿ ರೋಗ ಆತು!"

ಆ ಪ್ರಶ್ನೆ ಬಂದ ಪ್ರತಿ ಸಲವೂ ಅಂಬುಜಮ್ಮ ಮುಖ ತಿರುಗಿಸಿ ರೆಕಾರ್ಡರನ್ನು ನಿಲ್ಲಿಸಿಬಿಡುತ್ತಿದ್ದರು.

"ಇವತ್ತ ಬ್ಯಾಡಂದ್ರ ನಾಳೆ ಹೇಳು. ನಾ ಎಲ್ಲಿ ಹೋಗ್ತೀನಿ?"

ಹೋಗಿಯೇಬಿಟ್ಟರು, ಪುಣ್ಯಾತ್ಮ. ಖಾಲಿ ಮನೆಯಲ್ಲಿ ಒಬ್ಬರೇ ಕೂತು ಅಂಬುಜಮ್ಮ ಬಾಯಿ ತೆರೆದು ನೋಡಿದರೆ ಬರಿ ಗಾಳಿ ಬಂತು. ಇಷ್ಟು ದಿನ ತಡೆದದ್ದು ನಾಚಿಕೆಯೋ ರೋಗವೋ, ಅವರಿಗೇ ತಿಳಿಯದಾಯಿತು. ಅವರು ಕೇಳಿದಾಗ ಹೇಳಲಿಲ್ಲವಲ್ಲ.

*

ಶವ ಸುಡುವ ಕ್ರಿಮಟೋರಿಯಂನಲ್ಲಿ ಜನ ಬೆರಳೆಣಿಕೆ. ಗಾರ್ಗಿ ಅಪ್ಪನ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿದಳು: ಆಸ್ಪತ್ರೆ, ಗುಲಾಬಿ ಗಿಡ, ಕ್ರಿಕೆಟ್. ರೆಕಾರ್ಡರಿನ ಸುದ್ದಿ ಬರಲಿಲ್ಲ. ಹೊರಗೆ ಆಗಲೇ ಮುಂದಿನ ಶವಸಂಸ್ಕಾರಕ್ಕೆ ಬಂದವರ ಕಾರುಗಳು ಬಂದು ನಿಂತಿದ್ದವು.

"ಅಮ್ಮಾ, ಡು ಯು ವಾಂಟ್ ಟು ಸೇ ಸಮ್‌ಥಿಂಗ್?"

ಅಂಬುಜಮ್ಮನ ತುಟಿ ಅಲುಗಿತು. ಗಾರ್ಗಿ ಒಂದು ಗಳಿಗೆ ನೋಡಿ, ಅಲ್ಲಿನ ಸಿಬ್ಬಂದಿಗೆ ಸನ್ನೆ ಮಾಡಿದಳು. ಪೆಟ್ಟಿಗೆಯನ್ನು ಮರೆಮಾಡುತ್ತ ಕರ್ಟನ್ ಸರಿಯತೊಡಗಿತು.

ಅಂಬುಜಮ್ಮ ತೊಡೆಯ ಮೇಲಿನ ಲ್ಯಾಪ್‌ಟಾಪ್ ತೆರೆದು ಕೊನೆಯ ಗುಂಡಿ ಒತ್ತಿದರು.

"ಅಂಬೂ, ನನ್ನ ಹೆಸರೇನು?"

ಇದ್ದವರೆಲ್ಲ ಬೆಚ್ಚಿಬಿದ್ದರು. ಕರ್ಟನ್ ಅರ್ಧಕ್ಕೇ ನಿಂತಿತು. ಗಾರ್ಗಿ ಅಮ್ಮನ ಪಕ್ಕ ಬಂದು ಕೂತಳು. ಯಾರೋ ಕೆಮ್ಮಿದರು, ಹಸಿರು ಗೆರೆ ಒಮ್ಮೆ ಅಲುಗಿ ಮತ್ತೆ ಮಲಗಿತು.

"ಆ..." ಅಂದರು ಅಂಬುಜಮ್ಮ. ಬೆವರಿದರು. "ಆನಂ..."

ರೆಕಾರ್ಡರ್ ಕಾಯುತ್ತಿತ್ತು. ಈ ಸಲ ಗಾರ್ಗಿಯೂ ಕಾದಳು.

"ಆನಂದ... ತೀರ್ಥ."

ಗೆರೆ ಸ್ಕ್ರೀನಿನ ತುಂಬ ಕುಣಿಯಿತು.

ಕರ್ಟನ್ ಪೂರ್ತಿ ಮುಚ್ಚಿಕೊಂಡಿತು. "ಹೇಗೆ ಸ್ಟಾಪ್ ಮಾಡೋದು ಇದನ್ನ?" ಗಾರ್ಗಿ ಅಳುತ್ತಲೇ ಕೇಳಿದಳು. ವಿಕಾಸನಿಗೆ ಗೊತ್ತಿತ್ತು. ಅವನು ಕೈ ಚಾಚಲಿಲ್ಲ.

ಅಂಬುಜಮ್ಮ ಲ್ಯಾಪ್‌ಟಾಪನ್ನು ಮುಚ್ಚದೆ ಹಾಗೆಯೇ ಹಿಡಿದುಕೊಂಡು ಹೊರಗೆ ಬಂದರು. ಕೆಂಪು ಚುಕ್ಕೆ ಇನ್ನೂ ಉರಿಯುತ್ತಿತ್ತು. ಕಾರುಗಳ ನಡುವೆ ಬೀಸುವ ಗಾಳಿಗೆ ಹಸಿರು ಗೆರೆ ಸಣ್ಣಗೆ ಅಲುಗುತ್ತಿತ್ತು.