ಸೊನ್ನೆ ಸುತ್ತಿದ ದೂರು

ಟೈಲರಕ್ಕನ ಹೊಲಿಗೆ ಮಷೀನು ಕಳುವಾಯಿತು. ಪಕ್ಕದ ಊರಿನಲ್ಲಿ ರಿಪೇರಿ ಮಾಡಿಸಿ ಬಸ್ಸಿನಲ್ಲಿ ತರುತ್ತಿದ್ದಳು. ದಾರಿಯ ನಿಲ್ದಾಣದಲ್ಲಿ ನೀರು ಕುಡಿಯಲು ಇಳಿದು ಹತ್ತುವಷ್ಟರಲ್ಲಿ ಸೀಟಿನ ಕೆಳಗಿದ್ದ ಚೀಲ ಮಾಯ! ಮನೆಯಲ್ಲಿ ಶಾಲಾ ಸಮವಸ್ತ್ರದ ಬಟ್ಟೆ ಕತ್ತರಿಸಿ ರಾಶಿ ಹಾಕಿದ್ದಾಳೆ, ಶಾಲೆ ತೆರೆಯುವ ದಿನ ಹತ್ತಿರ ಬಂದಿದೆ. ಇನ್ನು ಹೊಲಿಯುವುದು ಯಾವುದರಲ್ಲಿ? ಪಾಪ, ಬಂದವಳೇ ಹೊಸ್ತಿಲಲ್ಲೇ ಕೂತು ಅತ್ತಳು.

"ಸ್ಟೇಷನ್‌ಗೆ ಹೋಗೋಣ, ನಡೀರಿ," ಎಂದಳು ಗಂಡನಿಗೆ.

ಗಂಡ ಲೆಕ್ಕದ ಮೇಷ್ಟ್ರು. ಎಲ್ಲ ಬಲ್ಲವರ ಹಾಗೆ ತಲೆಯಾಡಿಸಿದರು. "ಕಳುವಾಗಿದ್ದು ಅಲ್ಲಿ, ದೂರು ಇಲ್ಲಿ ತಗೋತಾರಾ? ನಮ್ಮ ಸರಹದ್ದಲ್ಲ ಅಂತ ಸಾಗಹಾಕ್ತಾರೆ. ಹಿಂದೆ ನನ್ನ ಸೈಕಲ್ ಹೋದಾಗ ಅಲೆದಿದ್ದು ಸಾಲದಾ?"

ಮೇಷ್ಟ್ರ ತಂಗಿ ವಕೀಲೆ. ಎದುರು ಮನೆಯವಳು, ಅತ್ತಿಗೆಯ ಅಳು ಕೇಳಿ ಓಡಿ ಬಂದಳು.

"ಆ ಕಾಲ ಹೋಯ್ತಣ್ಣ. ಹೊಸ ಕಾನೂನಲ್ಲೇ ಬರೆದಿದೆ. ಇಂಥ ಕಳ್ಳತನ ಎಲ್ಲೇ ಆಗಿರಲಿ, ಯಾವ ಸ್ಟೇಷನ್‌ನಲ್ಲಾದ್ರೂ ದೂರು ಕೊಡಬಹುದು. ಬಾಯಲ್ಲಿ ಹೇಳಿದ್ರೂ ಬರ್ಕೊಂಡು, ಓದಿ ಹೇಳಿ, ಸಹಿ ಹಾಕಿಸ್ಕೋಬೇಕು. ಆನ್‌ಲೈನ್‌ನಲ್ಲೂ ಕಳಿಸಬಹುದು, ಆದ್ರೆ ಮೂರು ದಿನದೊಳಗೆ ಹೋಗಿ ಸಹಿ ಹಾಕ್ಬೇಕು."

"ನೀನೇನೋ ಓದಿದ್ದೀಯಮ್ಮ. ಅವರೂ ಓದಿರಬೇಕಲ್ಲ!"

"ಹೋಗಿ ನೋಡೋಣ. ಏಳಿ ಅತ್ತಿಗೆ."

ಅವರೂ ಓದಿದ್ದರು. ಅಧಿಕಾರಿ ಕೂರಿಸಿ, ಕೇಳಿ, ಬರೆದುಕೊಂಡರು. ಮಷೀನಿಗೆ ಏನಾದರೂ ಗುರುತು ಇದೆಯಾ ಎಂದಾಗ ಟೈಲರಕ್ಕನ ನಾಲಿಗೆಗೆ ಜೀವ ಬಂತು. "ಕುತ್ತಿಗೆಗೆ ಕೆಂಪು ಬಟ್ಟೆ ಸುತ್ತಿದ್ದೀನಿ ಸಾರ್, ಗುಂಡುಸೂಜಿ ಚುಚ್ಚೋಕೆ."

"ನಿಮ್ಮ ಕುತ್ತಿಗೆಗಾ?"

"ಅಯ್ಯೋ, ಮಷೀನಿನ ಕುತ್ತಿಗೆಗೆ!"

ದೂರಿನ ಪ್ರತಿ ಕೈಗೆ ಬಂತು, ದುಡ್ಡಿಲ್ಲದೆ. ಮೇಷ್ಟ್ರು ಅದನ್ನು ನೋಡಿದ್ದೇ ತಡ, ಮುಖ ಕೆಂಪಾಯಿತು. ನಂಬರ್ ಇರಬೇಕಾದ ಜಾಗದಲ್ಲಿ ಸೊನ್ನೆ! ಮಕ್ಕಳ ಉತ್ತರಪತ್ರಿಕೆಗೆ ಸೊನ್ನೆ ಸುತ್ತಿ ಸುತ್ತಿ ಪಳಗಿದ ಕಣ್ಣು ಅದು, ಮೋಸ ಹೋಗುತ್ತದೆಯೇ?

"ನೋಡಿದ್ಯಾ! ಸೊನ್ನೆ ಸುತ್ತಿ ಕೊಟ್ಟಿದ್ದಾರೆ. ನಿನ್ನ ದೂರು ಫೇಲು ಕಣೇ!"

ಟೈಲರಕ್ಕನ ಕಣ್ಣಲ್ಲಿ ಮತ್ತೆ ನೀರು. ವಕೀಲೆಗೆ ಮಾತ್ರ ನಗು ತಡೆಯಲಾಗಲಿಲ್ಲ.

"ಅಣ್ಣ, ಇದು ಫೇಲಾದ ಸೊನ್ನೆ ಅಲ್ಲ. ಬೇರೆ ಊರಿನ ಕೇಸು ಅನ್ನೋ ಗುರುತು. ಇವರೇ ಅಲ್ಲಿಗೆ ಕಳಿಸ್ತಾರೆ, ಅಲ್ಲಿ ನಂಬರ್ ಬೀಳುತ್ತೆ. ಈಗ ನೀನೇ ಹೇಳು, ಸೊನ್ನೆ ಪಕ್ಕ ಅಂಕಿ ಬಂದ್ರೆ?"

"ಬೆಲೆ ಬರುತ್ತೆ," ಎಂದರು ಮೇಷ್ಟ್ರು, ಮಗ್ಗಿ ತಪ್ಪಿದ ಹುಡುಗನ ದನಿಯಲ್ಲಿ.

ಬೆಲೆ ಬಂತು. ಆ ಊರಿನ ಪೊಲೀಸರಿಗೆ ಹಳೇ ಮಷೀನು ಮಾರುವ ಅಂಗಡಿಯೊಂದರಲ್ಲಿ ಕೆಂಪು ಬಟ್ಟೆ ಕಣ್ಣಿಗೆ ಬಿತ್ತು. ಗುಂಡುಸೂಜಿಗಳೂ ಹಾಗೇ ಇದ್ದವು. ಪೊಲೀಸರು ವಶಕ್ಕೆ ಪಡೆದ ಮಷೀನನ್ನು ವಕೀಲೆ ನ್ಯಾಯಾಲಯದಲ್ಲಿ ಅರ್ಜಿ ಹಾಕಿ ಬಿಡಿಸಿದಳು. ಶಾಲೆ ತೆರೆದ ದಿನ ಮಕ್ಕಳು ಹೊಸ ಅಂಗಿಯಲ್ಲಿ ಸಾಲಾಗಿ ನಿಂತರು. ಆ ಅಂಗಿಗಳಿಗೆ ಗುಂಡಿ ಹೊಲಿದಿದ್ದು ಯಾರು ಗೊತ್ತೇ? ಮೇಷ್ಟ್ರೇ!

ನೋಡಿ, ನಿಮಗೂ ಇಂಥದ್ದು ಆದರೆ ಊರು ಯಾವುದು, ಸರಹದ್ದು ಯಾರದು ಎಂದು ಯೋಚಿಸುತ್ತ ಕೂರಬೇಡಿ. ಹತ್ತಿರದ ಸ್ಟೇಷನ್‌ಗೆ ಹೋಗಿ. ಪ್ರತಿ ಕೇಳಿ ಪಡೆಯಿರಿ, ಅದು ಉಚಿತ. ದೂರು ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗೆ ಬರೆದು ಕಳಿಸಿ. ಸೊನ್ನೆ ಕಂಡರೆ ಹೆದರಬೇಡಿ. ನಿಮ್ಮ ನ್ಯಾಯದ ಲೆಕ್ಕ ಶುರುವಾಗುವುದೇ ಅಲ್ಲಿಂದ.