ಪೆನ್‌ಡ್ರೈವ್‌ನೊಳಗಿನ ಸೋಬಾನೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಗುಬ್ಬಿಯ ನಮ್ಮ ಬೀದಿಗೆಲ್ಲ ಗೊತ್ತು. ಆದರೆ ಅವತ್ತು ಕುಣಿಗಲ್ಲಿನ ಛತ್ರದ ಮುಂದೆ ನನಗೆ ಬಂದದ್ದು ಕೋಪವೋ ಅಳುವೋ, ನನಗೇ ತಿಳಿಯಲಿಲ್ಲ. ಹಿಂದಿನ ದಿನ ನನ್ನ ಚಿಕ್ಕ ಮಗ ಶ್ರೀಕರನ ಮದುವೆ ಮುಗಿದಿತ್ತು. ಸೊಸೆಯನ್ನು ಮನೆ ತುಂಬಿಸಿಕೊಳ್ಳಲು ಹೊರಟಿದ್ದೆವು. ಹೊಸ ಸೊಸೆ ಇಂಪನಾ ಹಿಂದಿನ ಸೀಟಿನ ನಡುವೆ, ಅವಳ ಆ ಕಡೆ ನಮ್ಮ ಯಜಮಾನರ ಅಕ್ಕ ತಿಪ್ಪಮ್ಮ, ನಮಗೆಲ್ಲ ತಿಪ್ಪಕ್ಕ, ಈ ಕಡೆ ನಾನು. ಮುಂದೆ ಸ್ಟೀರಿಂಗ್ ಹಿಡಿದು ಯಜಮಾನರು, ಪಕ್ಕದಲ್ಲಿ ಮಗ. ಎಲ್ಲ ಸರಿಯಾಗಿತ್ತು, ಕಾರಿನ ಸ್ಟೀರಿಯೊ ಒಂದು ಬಿಟ್ಟು.

ತಿಪ್ಪಕ್ಕನ ವಿಷಯ ಮೊದಲು ಹೇಳಿಬಿಡುತ್ತೇನೆ. ನಿಟ್ಟೂರಿನ ಸುತ್ತಮುತ್ತ ಯಾರ ಮನೆಗೆ ಹೊಸ ಸೊಸೆ ಬಂದರೂ ಹೊಸಿಲಲ್ಲಿ ಸೋಬಾನೆ ಹೇಳಲು ತಿಪ್ಪಕ್ಕನೇ ಆಗಬೇಕಿತ್ತು. ಆಕೆ ಹಾಡು ಎತ್ತಿದಳೆಂದರೆ ಅಡುಗೆಯವರು ಸೌಟು ಬಿಟ್ಟು ಬಂದು ನಿಲ್ಲುತ್ತಿದ್ದರು. ಹೋದ ವರ್ಷ ಗಂಟಲಲ್ಲಿ ಗೆಡ್ಡೆ ಎದ್ದು ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಬಾಯಿ ತೆರೆದರೆ ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂತೆ ಒಡಕು ಶಬ್ದ. ಅದು ನಾಲ್ಕು ಜನಕ್ಕೆ ಕೇಳಿಸಬಾರದು ಎಂದು ಆಕೆ ಹೊರಗಿನವರ ಮುಂದೆ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಏನಿದ್ದರೂ ಕೈಸನ್ನೆ. ಮದುವೆಗೆ ಕರೆಯಲು ಹೋದಾಗ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

"ಬಾಯಿಲ್ದೋಳು ನಾನ್ಯಾಕ್ ಬರ್ಲಿ ಪ್ರೇಮ? ಹೊಸ್ಲಲ್ಲಿ ಎಲ್ರೂ ನನ್ ಮುಖಾನೇ ನೋಡ್ತಾರೆ. ಆಗ ನಾನ್ ಏನ್ ಮಾಡ್ಲಿ, ಬುಡು."

ತಿಪ್ಪಕ್ಕ ಇಲ್ಲದ ಮದುವೆ ನಮ್ಮ ಮನೆಯಲ್ಲಿ! ಸೀದಾ ಗುಬ್ಬಿಯ ಫೋಟೊ ಸ್ಟುಡಿಯೊ ಷಡಕ್ಷರಿಯ ಹತ್ತಿರ ಹೋದೆ. ದೊಡ್ಡ ಮಗ ಶಮಂತನ ಮದುವೆಯ ವಿಡಿಯೊದಲ್ಲಿ ತಿಪ್ಪಕ್ಕ ಹಾಡಿದ್ದು ಇತ್ತಲ್ಲ, ಅದರ ದನಿಯನ್ನು ಮಾತ್ರ ಬೇರೆ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಡು ಎಂದೆ. ಹಾಕಿಕೊಟ್ಟ. ಸ್ವಲ್ಪ ಕೇಳಿಸಿದ. ಆ ದನಿ ಕೇಳಿದ್ದೇ ನನ್ನ ಕಣ್ಣು ತುಂಬಿತು, ಸಾಕಪ್ಪ ಎಂದು ಎದ್ದುಬಂದೆ. ಫೋನಿಗೂ ಹಾಕಿಸಿಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಆಮೇಲೆ ಎಲ್ಲರೂ ಅದನ್ನೇ ಕೇಳಿದರು. ಆಗ ಹೊಳೆಯಲಿಲ್ಲ, ಏನು ಮಾಡಲಿ.

ಅದನ್ನು ನಿಟ್ಟೂರಿಗೆ ಒಯ್ದು ತಿಪ್ಪಕ್ಕನ ಅಂಗೈಯಲ್ಲಿಟ್ಟೆ.

"ನಿನ್ ದನಿ ಇದ್ರೊಳಗಿದೆ ಕಣಕ್ಕ. ಮದ್ವೆ ಮುಗಿಯೋವರ್ಗೂ ನೀನೇ ಜೋಪಾನ ಮಾಡು. ಮನೆ ಮುಂದೆ ಕಾರಿನ್ ಬಾಗ್ಲೆಲ್ಲ ತೆಗ್ದು ಜೋರಾಗ್ ಹಾಕ್ತೀವಿ. ನೀನು ಸೊಸೆ ಕೈ ಹಿಡ್ಕೊಂಡು ನಿಂತ್ಕೊ, ಸಾಕು."

ಆಕೆ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆ ಒಂದು ಮಾತಿನ ಮೇಲೆ ಕುಣಿಗಲ್ಲಿಗೆ ಬಂದಳು, ಜರಿ ಸೀರೆ ಉಟ್ಟು, ಹೂವು ಮುಡಿದು.

ಈಗ ಛತ್ರದ ಮುಂದೆ ಸೆರಗಿನ ಗಂಟು ಬಿಚ್ಚಿ ಪೆನ್‌ಡ್ರೈವ್ ಕೊಟ್ಟಳು. ಒಂದು ಸಲ ಹಾಕಿ ನೋಡಿಬಿಡೋಣ ಎಂದು ಶ್ರೀಕರ ಸ್ಟೀರಿಯೊಗೆ ಸಿಕ್ಕಿಸಿದ. ಪರದೆಯ ಮೇಲೆ ನೀಲಿ ಅಕ್ಷರ ಓಡಿತು: ನೋ ಡಿವೈಸ್.

"ಏನಂತೋ ಅದು?"

"ಪೆನ್‌ಡ್ರೈವೇ ಇಲ್ಲ ಅಂತಿದೆ ಅಮ್ಮ."

"ಕಣ್ಣಿಗ್ ಕಾಣೋ ಹಂಗೆ ಸಿಕ್ಕಿಸಿದೀಯ, ಇಲ್ಲ ಅಂದ್ರೆ?"

ತೆಗೆದ, ಹಾಕಿದ. ಇಲ್ಲ. ಊದಿ ಹಾಕಿದ. ಇಲ್ಲ. ಯಜಮಾನರು "ತಿರುಗ್ಸಿ ಹಾಕೋ" ಎಂದರು. ತಿರುಗಿಸಿದರೆ ಒಳಗೇ ಹೋಗಲಿಲ್ಲ. ಬೀಗರ ಕಡೆಯ ಅಡವಿಯಪ್ಪ ಎಂಬ ಹಿರಿಯರು ಕಿಟಕಿಯಲ್ಲಿ ತಲೆ ತೂರಿಸಿ, "ಗಾಡಿ ಆಫ್ ಮಾಡಿ ಆನ್ ಮಾಡಿ ಸ್ವಾಮಿ, ಎಲ್ಲ ಸರೋಯ್ತದೆ" ಎಂದರು. ಆಫ್ ಮಾಡಿ ಆನ್ ಮಾಡಿದೆವು. ರೇಡಿಯೊ ಬಂತು. ಯಾರೋ ಟೊಮೆಟೊ ಗಿಡದ ರೋಗದ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದರು. ಅವರನ್ನು ನಿಲ್ಲಿಸಲು ಶ್ರೀಕರ ಏನೋ ಒತ್ತಿದ, ಗಡಿಯಾರ ಬಂತು. ಇನ್ನೇನೋ ಒತ್ತಿದ, ಗಡಿಯಾರವೂ ಹೋಯಿತು.

"ಹೆಲಿಕಾಪ್ಟರ್ ಫ್ಯಾಕ್ಟರೀಲಿ ಕೆಲ್ಸ ಅಂತ ಊರ್ ತುಂಬ ಹೇಳ್ಕೊಂಡ್ ಬಂದಿದೀನಿ ಕಣೋ. ಒಂದ್ ಡಬ್ಬ ಹಾಡ್ಸೋಕ್ ಬರಲ್ವಲ್ಲೋ ನಿಂಗೆ!"

"ನಾನಿರೋದು ಅಕೌಂಟ್ಸ್‌ನಲ್ಲಮ್ಮ" ಎಂದು ಮೆಲ್ಲಗೆ ಹೇಳಿದ. ಹೆಂಡತಿಯ ಮುಂದೆ ಅವನಿಗೂ ಅವಮಾನ, ಪಾಪ.

ತಿಪ್ಪಕ್ಕ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಗಂಟಲು ಮುಟ್ಟಿಕೊಂಡು, ಕೈ ಆಡಿಸಿದಳು. ಒಳಗಿರುವುದೂ ಹೋಯಿತೇ ಎಂದು.

"ಎಲ್ಲೂ ಹೋಗಿಲ್ಲ ಅಕ್ಕ. ಈ ಹಾಳ್ ಡಬ್ಬಕ್ಕೆ ಗುರ್ತು ಸಿಗ್ತಿಲ್ಲ ಅಷ್ಟೇ" ಎಂದೆ. ನನಗೇ ಅದರ ತಲೆಬುಡ ಗೊತ್ತಿರಲಿಲ್ಲ. ಇದ್ದದ್ದು ಇದ್ದಕ್ಕಿದ್ದಂತೆ ಇಲ್ಲ ಎಂದರೆ ಏನರ್ಥ?

ಹೆಬ್ಬೂರು ದಾಟುವವರೆಗೂ ಶ್ರೀಕರ ಅದನ್ನು ತೆಗೆಯುತ್ತ ಹಾಕುತ್ತಲೇ ಇದ್ದ. ತುಮಕೂರಿಗೆ ಬಂದಾಗ ಬಿ.ಎಚ್. ರಸ್ತೆಯಲ್ಲಿ ಕಾರಿನ ಸಾಮಾನು ಮಾರುವ ಒಂದು ಅಂಗಡಿ ಕಂಡಿತು. ನಿಲ್ಲಿಸಿ ಎಂದೆ. ಅಂಗಡಿಯವನು ಬಂದು ಬಗ್ಗಿ ನೋಡಿ, "ಸೆಟ್ ಹೋಗೈತೆ ಸಾರ್, ಹೊಸದ್ ಹಾಕ್ಸಿ" ಎಂದ. ಆಮೇಲೆ ಅವನೇ ತನ್ನ ಪೆನ್‌ಡ್ರೈವ್ ಸಿಕ್ಕಿಸಿದ. ಧಡಧಡ ಎಂದು ಯಾವುದೋ ಕುಣಿತದ ಹಾಡು ಹೊಡೆದುಕೊಂಡಿತು. ರಸ್ತೆಯಲ್ಲಿ ಹೋಗುವವರೆಲ್ಲ ಬಾಸಿಂಗದ ಗುರುತು ಮಾಸದ ಮದುಮಕ್ಕಳನ್ನು ತಿರುಗಿ ನೋಡಿದರು.

"ಸೆಟ್ ಸರಿಯಾಗೇ ಐತಲ್ಲಪ್ಪ ಹಂಗಾದ್ರೆ?" ಎಂದೆ.

ಅವನೂ ತಲೆ ಕೆರೆದುಕೊಂಡ. ನಮ್ಮ ಪೆನ್‌ಡ್ರೈವನ್ನು ಒಳಗೆ ಒಯ್ದು ತನ್ನ ಕಂಪ್ಯೂಟರಿಗೂ ಹಾಕಿ ನೋಡಿದ. ಅದೂ ಕ್ಯಾರೇ ಅನ್ನಲಿಲ್ಲವಂತೆ. ಹೊರಗೆ ಬಂದು, "ಒಂದೊಂದ್ ಸಲ ತಗಳ್ಳಲ್ಲ ಮೇಡಂ. ಇನ್ನೊಂದ್ ಕಂಪ್ಯೂಟರ್ ಐತೆ, ಅದ್ರಲ್ ಬಂದ್ರೆ ಫಾರ್ಮ್ಯಾಟ್ ಹೊಡ್ದ್ ಕೊಡ್ಲಾ? ಹೊಸದ್ರ ತರ ಆಗ್ತದೆ" ಎಂದ.

ಹೊಸದರ ಥರ ಆಗುತ್ತದೆ ಎಂದರೆ ಯಾರಿಗೆ ಬೇಡ? ಯಜಮಾನರು "ಹೊಡೀಪ್ಪ, ಬೇಗ ಹೊಡಿ" ಎಂದರು. ನಾನೂ ಹೂಂ ಎಂದೆ.

"ಬೇಡ! ಬೇಡ!"

ಕಾರಿನೊಳಗಿಂದ ಕೂಗು. ನಿನ್ನೆಯಿಂದ ತಲೆ ತಗ್ಗಿಸಿಕೊಂಡು, ಕೇಳಿದ್ದಕ್ಕೆ ಮಾತ್ರ ಹಾಂ ಹೂಂ ಎನ್ನುತ್ತಿದ್ದ ಇಂಪನಾ. ಸೀರೆ ಎತ್ತಿಕೊಂಡು ಇಳಿದೇಬಿಟ್ಟಳು.

"ಅತ್ತೆ, ಫಾರ್ಮ್ಯಾಟ್ ಮಾಡಿದ್ರೆ ಒಳಗಿರೋದೆಲ್ಲ ಅಳ್ಸೋಗುತ್ತೆ. ಹಾಡೇ ಇರಲ್ಲ!"

ಅಂಗಡಿಯವನ ಕೈಯಿಂದ ಪೆನ್‌ಡ್ರೈವ್ ಕಿತ್ತುಕೊಂಡೆ. ಅವನಿಗೆ ಬೈಯಲೋ, ಯಜಮಾನರಿಗೆ ಬೈಯಲೋ, ಹೂಂ ಎಂದ ನನ್ನ ಬಾಯಿಗೆ ಬಡಿದುಕೊಳ್ಳಲೋ ಗೊತ್ತಾಗಲಿಲ್ಲ. ಇಂಪನಾ ಅದನ್ನು ನನ್ನಿಂದ ಈಸಿಕೊಂಡು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅದರ ತಗಡಿನ ಬಾಯಿಯೊಳಗೆ ನೋಡಿದಳು.

"ಅತ್ತೆ, ಒಳಗೆ ಏನೋ ಹಳದಿ ಕೆಂಪು ಮೆತ್ಕೊಂಡಿದೆ."

ನಾನೂ ನೋಡಿದೆ. ಅರಿಸಿನ. ಅದರ ಮೇಲೆ ಕುಂಕುಮ. ಒಣಗಿ ಗಟ್ಟಿಯಾಗಿತ್ತು.

ತಿಪ್ಪಕ್ಕನ ಕಡೆ ತಿರುಗಿದೆ. ಆಕೆ ಇದರಲ್ಲೇನಿದೆ ಎಂಬಂತೆ ಕೈ ಮುಗಿದು ತೋರಿಸಿದಳು. ನಿಟ್ಟೂರಿನ ಮನೆಯಲ್ಲಿ ದೇವರ ಮುಂದಿಟ್ಟು, ನೀರಲ್ಲಿ ಬೆರಳು ಅದ್ದಿ, ಅರಿಸಿನ ಕುಂಕುಮ ಇಟ್ಟು ಪೂಜೆ ಮಾಡಿದ್ದಾಳೆ. ಮನೆಗೆ ಬಂದ ಗಾಡಿಗೆ ಇಡುತ್ತೇವೆ, ಮಿಕ್ಸಿಗೆ ಇಡುತ್ತೇವೆ, ತನ್ನ ದನಿಗೆ ಇಡುವುದು ಬೇಡವೇ? ಹೊಳೆಯುವ ತುದಿಯೇ ಅದರ ಮುಖ ಎಂದುಕೊಂಡು ಅಲ್ಲಿಗೇ ಇಟ್ಟಿದ್ದಳು. ಬೈಯಲು ಬಾಯಿ ತೆರೆದೆ. ಯಜಮಾನರು ಮುಖ ತಿರುಗಿಸಿಕೊಂಡು ನಗುತ್ತಿದ್ದರು, ಆ ಬೈಗುಳವನ್ನೆಲ್ಲ ಅವರಿಗೆ ಕೊಟ್ಟೆ.

ಇಂಪನಾ ಜಡೆಯಿಂದ ಪಿನ್ನು ತೆಗೆದು ಕೆರೆದಳು. ತನ್ನ ಬ್ಯಾಗಿನ ಸೆಂಟನ್ನು ಹತ್ತಿಗೆ ಹಾಕಿ ಒರೆಸಿದಳು. ಸ್ಟೀರಿಯೊದ ತೂತಿಗೂ ಅದೇ ಉಪಚಾರ. ಚೆನ್ನಾಗಿ ಒಣಗಲಿ ಎಂದು ಕಾದು, ಮತ್ತೆ ಸಿಕ್ಕಿಸಿದಳು. ನೀಲಿ ಅಕ್ಷರ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ರೀಡಿಂಗ್ ಎಂದಿತು. ಆಮೇಲೆ ತಿಪ್ಪಕ್ಕನ ದನಿ, ಹಾಡು ಎತ್ತುವ ಮೊದಲು ಎಳೆಯುವ ಉದ್ದನೆಯ ಆಲಾಪ, ಕಾರಿನೊಳಗೆ ತುಂಬಿಕೊಂಡಿತು.

ತಿಪ್ಪಕ್ಕ ತಟ್ಟನೆ ಕೈ ಅಡ್ಡ ಹಿಡಿದು ನಿಲ್ಲಿಸು ಎಂದಳು. ಹೊಸಿಲ ಹಾಡನ್ನು ಹೊಸಿಲಲ್ಲೇ ಹೇಳಬೇಕು, ರಸ್ತೆಯಲ್ಲಿ ಹೇಳಬಾರದು. ಶ್ರೀಕರ ಆಫ್ ಮಾಡಿದ. ಆಕೆ ಗುಬ್ಬಿ ಬರುವವರೆಗೂ ಇಂಪನಾಳ ಕೈ ಬಿಡಲಿಲ್ಲ.

ಮನೆ ಮುಂದೆ ಜನ ಸೇರಿದ್ದರು. ದೊಡ್ಡ ಸೊಸೆ ಅನುಪಮಾ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು. ಕಾರಿನ ಬಾಗಿಲುಗಳನ್ನೆಲ್ಲ ತೆರೆದು ಯಜಮಾನರು ಪೂರ್ತಿ ಜೋರು ಮಾಡಿದರು. ತಿಪ್ಪಕ್ಕನ ಹಳೆಯ ದನಿ ಬೀದಿಯ ತುದಿಗೂ ಕೇಳಿಸಿತು. ಮಾತಾಡುತ್ತಿದ್ದವರು ಗಪ್ಪಾದರು. ಸೊಸೆಯ ಕೈ ಹಿಡಿದು ನಿಂತ ತಿಪ್ಪಕ್ಕನ ಬೆನ್ನು ನೆಟ್ಟಗಾಗಿತ್ತು. ಅಬ್ಬಾ, ಗೆದ್ದೆ ಎಂದುಕೊಂಡೆ.

ಆಗ ಹಾಡು ಹೆಣ್ಣಿನ ಹೆಸರಿಗೆ ಬಂತು. ನಮ್ಮ ಕಡೆ ಸೋಬಾನೆಯಲ್ಲಿ ಹೆಣ್ಣು ಗಂಡಿನ ಹೆಸರು ಕಟ್ಟಿ ಕರೆಯುತ್ತಾರೆ. ಇದು ನನಗೆ ಗೊತ್ತಿಲ್ಲದ್ದಲ್ಲ, ತಿಪ್ಪಕ್ಕನಿಗಂತೂ ಉಸಿರಾಟದಷ್ಟು ಗೊತ್ತು. ಆದರೂ ಇಬ್ಬರಿಗೂ ಹೊಳೆದಿರಲಿಲ್ಲ. "ಬಾಗಿಲಿಗೆ ಬಂದಾಳು ಅನುಪಮಾ" ಎಂದು ಕಾರು ಜೋರಾಗಿ ಹಾಡಿತು.

ಆರತಿ ತಟ್ಟೆ ಅಲುಗಿತು. ಯಾರೋ ಕಿಸಕ್ಕೆಂದರು. "ಅಯ್ಯೋ, ಹೊಸ ಹೆಣ್ಣು ಕಾಲಿಡೋ ಹೊತ್ನಲ್ಲಿ ಬೇರೆ ಹೆಸ್ರಾ?" ಎಂದು ಹಿಂದಿನಿಂದ ಒಂದು ಮಾತು ಬಂತು. ಇಂಪನಾಳ ಮುಖ ಇಳಿದುಹೋಯಿತು. ನನ್ನ ತಲೆ ಕೆಟ್ಟುಹೋಯಿತು. ನಿಲ್ಲಿಸಿದರೆ ಎಲ್ಲರ ಮುಂದೆ ತಿಪ್ಪಕ್ಕನ ದನಿ ಇನ್ನೊಂದು ಸಲ ಕತ್ತರಿಸಿದಂತೆ. ಬಿಟ್ಟರೆ ಈ ಹುಡುಗಿ ಯಾರದೋ ಹೆಸರಿನಲ್ಲಿ ನನ್ನ ಮನೆಯೊಳಗೆ ಬರಬೇಕು. ಶ್ರೀಕರ ಸ್ಟೀರಿಯೊದ ಕಡೆ ಓಡಿದ. ನಾನು ಬೇಡ ಎಂದೆನೋ, ನಿಲ್ಲಿಸು ಎಂದೆನೋ ಈಗಲೂ ನೆನಪಿಲ್ಲ.

ಹಾಡು ಸುತ್ತಿಕೊಂಡು ಮತ್ತೆ ಹೆಸರಿಗೆ ಬಂತು. ಅದು ಅನುಪಮಾ ಎನ್ನುವಷ್ಟರಲ್ಲಿ ತಿಪ್ಪಕ್ಕ ಬಾಯಿ ತೆರೆದಳು.

"ಇಂಪನಾ..."

ಒಡಕು, ಬುಸ್ಸೆನ್ನುವ ಶಬ್ದ. ಆದರೆ ತಾಳಕ್ಕೆ ಸರಿಯಾಗಿ ಬಿದ್ದಿತ್ತು. ಮುಂದೆ ಶಮಂತನ ಹೆಸರು ಬರುವಲ್ಲಿ ಶ್ರೀಕರ ಎಂದಳು. ಕೊರಳಿನ ನರ ಉಬ್ಬಿ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಶ್ರೀಕರ ಕಾರಿನೊಳಗೆ ಕೈ ಚಾಚಿ ದನಿ ಸಣ್ಣದು ಮಾಡಿದ. ಇನ್ನೂ ಸಣ್ಣದು ಮಾಡಿದ. ಕೊನೆಗೆ ಪೂರ್ತಿ ನಿಲ್ಲಿಸಿಬಿಟ್ಟ. ತಿಪ್ಪಕ್ಕ ಅದನ್ನು ಗಮನಿಸಲೇ ಇಲ್ಲ. ಉಸಿರು ಸಾಲದ ಕಡೆ ಹಾಡು ತುಂಡಾಗುತ್ತಿತ್ತು, ಒಂದು ಗುಟುಕು ಗಾಳಿ ಎಳೆದುಕೊಂಡು ಬಿಟ್ಟಲ್ಲಿಂದಲೇ ಎತ್ತುತ್ತಿದ್ದಳು. ಯಾರೂ ನಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡೆ.

ಹೊತ್ತು ಮೀರುತ್ತದೆ, ಸೇರು ಒದೆಯಮ್ಮ ಎಂದು ಯಾರೋ ಇಂಪನಾಳಿಗೆ ಹೇಳಿದರು. ತಿಪ್ಪಕ್ಕನ ಹಾಡು ಮುಗಿಯುವವರೆಗೆ ಅವಳು ಕಾಲು ಎತ್ತಲಿಲ್ಲ.