ಗೊತ್ತಾ ಭಾವನ ಕಲ್ಲಂಗಡಿ

ನನ್ನ ಗಂಡನ ಅಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಆದರೆ ಮನೆಯ ಮಕ್ಕಳಿಂದ ಹಿಡಿದು ಹಾಲು ಹಾಕುವವನವರೆಗೆ ಎಲ್ಲರೂ ಬೆನ್ನ ಹಿಂದೆ ಕರೆಯುವುದು 'ಗೊತ್ತಾ' ಎಂದೇ. ಆಸಾಮಿ ಬಾಯಿ ತೆರೆದರೆ ಮೊದಲು ಉದುರುವುದು ಆ ಮಾತು. "ಗೊತ್ತಾ, ಸೌತೆಕಾಯಿ ತರಕಾರಿ ಅಲ್ಲ, ಹಣ್ಣು." ಗೊತ್ತಿಲ್ಲ ಅಂದರೆ ಅರ್ಧ ಗಂಟೆ ಪಾಠ. ಗೊತ್ತು ಅಂದರೆ ಒಂದು ಗಂಟೆ, ಏಕೆಂದರೆ ನಮಗೆ ಗೊತ್ತಿರುವುದು ತಪ್ಪು ಎಂದು ತೋರಿಸಬೇಕಲ್ಲ! ಬೇಸಿಗೆ ಶುರುವಾಯಿತೆಂದರೆ ನಮ್ಮ ಫೋನುಗಳಿಗೆ ಬಿಡುವೇ ಇಲ್ಲ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ನಿಂಬೆಹಣ್ಣನ್ನು ಹಿಂಡುವ ಮೊದಲು ಅಂಗೈಯಲ್ಲಿ ಒತ್ತಿ ಉರುಳಿಸಿ, ಪುದೀನವನ್ನು ನೀರಿನ ಲೋಟದಲ್ಲಿ ನಿಲ್ಲಿಸಿ, ಹೀಗೆ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಉಪದೇಶ. ಇರುವುದು ಒಂದೇ ಮನೆಯಲ್ಲಾದರೂ ಉಪದೇಶ ಮಾತ್ರ ಫೋನಿನಲ್ಲೇ. ನಿಂಬೆಹಣ್ಣು ಹಿಂಡುವುದು ಅವರ ಹೆಂಡತಿ, ನನ್ನ ಓರಗಿತ್ತಿ. ಇವರು ಉರುಳಿಸಿದ್ದನ್ನೂ ನಾನು ಕಂಡಿಲ್ಲ.

ನಮ್ಮತ್ತೆಯದು ಮನೆಯ ಕೆಳಗೇ ಫ್ಯಾನ್ ರಿಪೇರಿ ಅಂಗಡಿ. ಮಾವ ತೀರಿಕೊಂಡಾಗ, ಅಂಗಡಿ ಮುಚ್ಚಿ ಸುಮ್ಮನೆ ಕೂತುಬಿಡಿ ಎಂದವರಿಗೆಲ್ಲ ಚಹಾ ಕೊಟ್ಟು ಸಾಗಹಾಕಿ, ಮಾರನೆಯ ದಿನ ತಾವೇ ಸ್ಕ್ರೂಡ್ರೈವರ್ ಹಿಡಿದು ಕೂತ ಹೆಂಗಸು. ಫ್ಯಾನು ಬಿಚ್ಚುವ ಮೊದಲು ಒಂದು ಸಲ ಓಡಿಸಿ, ಕಣ್ಣು ಮುಚ್ಚಿ ಕೇಳುವರು. ಕಿರ್ ಅಂದರೆ ಬೇರಿಂಗು, ಗುಂಯ್ ಅಂದರೆ ಕೆಪಾಸಿಟರು, ಟಕಟಕ ಅಂದರೆ ರೆಕ್ಕೆ ಸೊಟ್ಟ. ಮದುವೆಯಾಗಿ ಬಂದ ಮೇಲೆ ನಾನೂ ಪಕ್ಕದ ಸ್ಟೂಲಿನಲ್ಲಿ ಕೂತು ಆ ಕೆಲಸ ಕಲಿತೆ. ಅಡುಗೆಮನೆಯಲ್ಲಿ ಓರಗಿತ್ತಿಯ ಜೊತೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಮುಖ ಊದಿಸಿಕೊಂಡು ನಿಲ್ಲುವುದಕ್ಕಿಂತ ಅದು ಎಷ್ಟೋ ವಾಸಿ.

ಆ ಅಂಗಡಿಯ ಮೇಲೆ ಭಾವನವರ ಕಣ್ಣು. ಯಾತಕ್ಕೆ ಅನ್ನುತ್ತೀರಿ? ಕಾರು ನಿಲ್ಲಿಸುವುದಕ್ಕೆ!

"ಗೊತ್ತಾ, ನೆರಳಲ್ಲಿ ನಿಲ್ಸಿದ್ರೆ ಕಾರಿನ ಬಣ್ಣ ಹೊಳಪು ಕಳ್ಕೊಳಲ್ಲ. ನಿಂಗೂ ವಯಸ್ಸಾಯ್ತಲ್ಲಮ್ಮಾ, ಆರಾಮಾಗಿರು ಇನ್ನು."

ತಾಯಿಯ ಆರಾಮಕ್ಕೂ ಕಾರಿನ ಬಣ್ಣಕ್ಕೂ ಇಷ್ಟು ಹತ್ತಿರದ ನಂಟಿದೆ ಎಂದು ಕಂಡುಹಿಡಿದವರು ಭಾವ ಒಬ್ಬರೇ. ಹೋದ ಬೇಸಿಗೆಯಲ್ಲಿ ಅತ್ತೆ ರೋಸಿಹೋಗಿ ಎಲ್ಲರೆದುರು ಹೇಳಿಬಿಟ್ಟರು: "ನನ್ನ ಕಿವಿ ಕೈಕೊಟ್ಟ ದಿನ ಅಂಗಡಿ ಕೀ ಕೊಡ್ತೀನಿ. ಅಲ್ಲೀವರೆಗೆ ಬಾಯಿ ಮುಚ್ಕೊಂಡಿರು."

ಹಾಳು ಕಿವಿ, ಆ ಮಾತಿಗೇ ಕಾದಿತ್ತೋ ಏನೋ. ಮಳೆಗಾಲ ಮುಗಿಯುವಷ್ಟರಲ್ಲಿ ಕೈಕೊಡಲು ಶುರುಮಾಡಿತು. ಒಂದು ದಿನ, ಕಿರ್ ಎಂದು ಬೀದಿಗೆಲ್ಲ ಕೇಳುವಂತೆ ಅರಚುತ್ತಿದ್ದ ಫ್ಯಾನನ್ನು ಅತ್ತೆ "ಈಗ ನೋಡು, ಹೆಂಗೆ ಸದ್ದಡಗ್ತು" ಎಂದು ಮೆಚ್ಚಿಕೊಂಡರು. ನಾನು ಹೇಳಲು ಬಾಯಿ ತೆರೆದೆ, ಅವರ ಮುಖ ನೋಡಿ ಮುಚ್ಚಿದೆ. ಕಿವಿ ಹೋಯಿತೆಂದರೆ ಕೀ ಹೋಯಿತು. ಕೀ ಹೋದರೆ ಅತ್ತೆ ಕಿಟಕಿಯ ಪಕ್ಕ ಕೂತು ಕಾರು ಕಾಯಬೇಕು, ನಾನು ಉಪ್ಪಿನ ಜಗಳಕ್ಕೆ ವಾಪಸ್ಸು ಹೋಗಬೇಕು. ಅದಕ್ಕೇ ಮೇಜಿನ ಕೆಳಗೆ ನನ್ನ ಕಾಲು ಮಾತಾಡತೊಡಗಿತು. ಅವರ ಪಾದವನ್ನು ಒಂದು ಸಲ ಒತ್ತಿದರೆ ಬೇರಿಂಗು, ಎರಡು ಸಲ ಒತ್ತಿದರೆ ಕೆಪಾಸಿಟರು. ಎದುರಿಗಿದ್ದವರ ಮಾತನ್ನು ಅವರು ತುಟಿ ನೋಡಿ ಹಿಡಿಯುವರು. ಅವರು ತಪ್ಪಾಗಿ ಕಟ್ಟಿಟ್ಟ ಫ್ಯಾನುಗಳನ್ನು, ಮಧ್ಯಾಹ್ನ ಅವರು ಒರಗಿದಾಗ, ನಾನು ಗುಟ್ಟಾಗಿ ಬಿಚ್ಚಿ ಸರಿಮಾಡುವೆ. ಇಷ್ಟೆಲ್ಲ ನಡೆದರೂ ನಮ್ಮಿಬ್ಬರ ನಡುವೆ ಕಿವಿಯ ಮಾತು ಒಂದು ದಿನವೂ ಬರಲಿಲ್ಲ. ನಾನು ಹಲ್ಲುನೋವಿಗೆಂದು ಆಸ್ಪತ್ರೆಗೆ ಹೋದ ದಿನ ಒಂದು ಫ್ಯಾನು ಮಾತ್ರ ಕೈತಪ್ಪಿತು, ಎದುರಿನ ಕ್ಷೌರದಂಗಡಿಯದು. "ಇದೇನಮ್ಮಾ, ಫ್ಯಾನು ಕತ್ತೆ ಕೂಗಿದ್ಹಂಗೆ ಕೂಗುತ್ತೆ ಅಂತಾರೆ ಗಿರಾಕಿಗಳು" ಎಂದು ಆತ ಬಂದಾಗ, ಅತ್ತೆಗೆ ತುಟಿ ಕಾಣದಂತೆ ನಡುವೆ ನಿಂತು, ಸೋಮವಾರ ತನ್ನಿ ಎಂದು ಕಳಿಸಿದ್ದೆ.

ಮೊದಲು ಭಾನುವಾರ ದಾಟಬೇಕಿತ್ತು. ಬೇಸಿಗೆ ರಜೆಯ ಮೊದಲ ಭಾನುವಾರದ ಸಂಜೆ ಮನೆಮಂದಿಯೆಲ್ಲ ತಾರಸಿಯ ಮೇಲೆ ಸೇರುವುದು, ಐಸ್‌ಕ್ರೀಮು ಶರಬತ್ತು ಎಂದು ಕುಣಿಯುವುದು ನಮ್ಮ ಮನೆಯ ರೂಢಿ. ಅಂದು ವರ್ಷದ ಮೊದಲ ಕಲ್ಲಂಗಡಿಯನ್ನು ಬಡಿದು, ಕೇಳಿ, ಆರಿಸಿ, ಕುಯ್ಯುವುದು ಅತ್ತೆಯೇ. ಅವರು ಆರಿಸಿದ ಹಣ್ಣು ಸಪ್ಪೆಯಾದದ್ದನ್ನು ಯಾರೂ ಕಂಡಿರಲಿಲ್ಲ. ಹಿಂದಿನ ದಿನ ಅಂಗಡಿಯ ಬಾಗಿಲು ಎಳೆಯುತ್ತಾ ಅತ್ತೆ, ಯಾವುದೋ ನಟ್ಟು ಬೋಲ್ಟಿನ ವಿಷಯ ಹೇಳುವ ಹಾಗೆ, "ನಾಳೆ ಹಣ್ಣಿನ ಸದ್ದು ಸರಿಯಿದ್ರೆ ಮೂಗು ಮುಟ್ಕೋ" ಎಂದರು. ನಾನು ಹೂಂ ಎಂದೆ.

ಭಾನುವಾರ ಭಾವ ಮೂರು ಕಲ್ಲಂಗಡಿ ಹೊರಿಸಿಕೊಂಡು ಬಂದರು. ಹೊತ್ತವನು ನನ್ನ ಗಂಡ. ಭಾವ ಹೊತ್ತದ್ದು ಜ್ಞಾನ.

"ಗೊತ್ತಾ, ಕಲ್ಲಂಗಡೀಲಿ ನೂರಕ್ಕೆ ತೊಂಬತ್ತೆರಡು ಭಾಗ ನೀರು! ನೆಲಕ್ಕೆ ತಾಗಿದ ಕಡೆ ಹಳದಿ ಮಚ್ಚೆ ಇರ್ಬೇಕು, ತೊಟ್ಟು ಒಣಗಿರ್ಬೇಕು. ಅಂಗಡಿಯವನಿಗೇ ಪಾಠ ಹೇಳಿ ಬಂದೆ. ಮೂರೂ ಕಲ್ಲುಸಕ್ಕರೆ! ಅಮ್ಮ ಕಣ್ಣು ಮುಚ್ಕೊಂಡು ಒಂದನ್ನ ಮುಟ್ಟಿದ್ರೂ ಸಾಕು."

"ಅಯ್ಯೋ, ಇವ್ರು ಆರಿಸಿದ್ರೆ ಮುಗೀತು" ಎಂದಳು ಓರಗಿತ್ತಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅವಳು.

ನೊಣ ಮುತ್ತಿದವು. ನೊಣಕ್ಕೂ ಭಾವನ ಹತ್ತಿರ ಉಪಾಯವಿತ್ತು. ತಟ್ಟೆಯಲ್ಲಿ ಕಾಫಿಪುಡಿ ಸುರಿದು, ಅದಕ್ಕೆ ಬೆಂಕಿ ತಾಗಿಸಿ, "ಗೊತ್ತಾ, ಈ ಹೊಗೆಗೆ ಒಂದು ನೊಣ ನಿಲ್ಲಲ್ಲ" ಎಂದರು. ಉಪಾಯವನ್ನು ನೊಣಗಳಿಗೆ ಯಾರೂ ತಿಳಿಸಿರಲಿಲ್ಲ. ಅವು ಶರಬತ್ತಿನ ಲೋಟದ ಅಂಚಿನಲ್ಲೇ ಕೂತಿದ್ದವು. ಹೊಗೆ ಮಾತ್ರ ಬೇರೆಲ್ಲೂ ಜಾಗವಿಲ್ಲದ ಹಾಗೆ ನೆಟ್ಟಗೆ ನನ್ನ ಮುಖಕ್ಕೆ ಬಂತು.

ಅತ್ತೆ ಮೇಜಿನ ಮುಂದೆ ನಿಂತು ಮೊದಲನೆಯ ಹಣ್ಣನ್ನು ಬಡಿದರು. ದಪ್ಪನೆ, ತುಂಬಿದ ಸದ್ದು. ಇದೇ ಇರಬೇಕು ಅನ್ನಿಸಿತು. ಆದರೂ ಉಳಿದ ಎರಡನ್ನೂ ಕೇಳಿಯೇ ಮೂಗು ಮುಟ್ಟೋಣ ಎಂದು ನನ್ನ ಹಾಳು ಬುದ್ಧಿ ಹೇಳಿತು. ಎರಡನೆಯದನ್ನು ಬಡಿದರು. ಟಣ್ ಟಣ್. ಹಸಿ ಕಾಯಿ, ಸಂಶಯವೇ ಇಲ್ಲ. ಆಗಲೇ ಭಾವ ತಟ್ಟೆಗೆ ಪತ್ರಿಕೆಯಿಂದ ಗಾಳಿ ಹಾಕಬೇಕೆ! ಹೊಗೆ ಮೂಗಿಗೆ ನುಗ್ಗಿತು. ತಡೆದೆ, ಉಸಿರು ಬಿಗಿಹಿಡಿದೆ, ಕಣ್ಣಲ್ಲಿ ನೀರು ಬಂತು. ಆಕ್ಷೀ! ಒಂದಲ್ಲ, ಮೂರು. ಎರಡೂ ಕೈ ತಾವಾಗಿ ಮೂಗಿನ ಮೇಲೆ ಹೋದವು.

ಅತ್ತೆ ನನ್ನನ್ನೇ ನೋಡುತ್ತಿದ್ದರು. ನಾನು ತಲೆ ಅಲ್ಲಾಡಿಸಿದೆ, ಕಣ್ಣು ಅರಳಿಸಿದೆ. ಅವರು ಮೂರನೆಯದನ್ನು ಮುಟ್ಟಲೂ ಇಲ್ಲ.

"ಇದೇ" ಎಂದು ಎರಡನೆಯ ಹಣ್ಣಿಗೆ ಚಾಕು ಇಳಿಸಿದರು.

ಒಳಗೆ ಕೆಂಪು ಎಲ್ಲಿಂದ ಬರಬೇಕು? ಸೋರೆಕಾಯಿ ಸೀಳಿದ ಹಾಗೆ ಬೆಳ್ಳಗೆ, ನಡುವೆ ಮಾತ್ರ ಯಾರೋ ನಾಚಿಕೊಂಡಷ್ಟು ಗುಲಾಬಿ. ಬೀಜಗಳಿನ್ನೂ ಹಾಲುಹಲ್ಲು. ಮುಗಿಯಿತು, ಕೀ ಹೋಯಿತು, ನಾಳೆ ಬೆಳಗ್ಗೆಯೇ ಕಾರು ಒಳಗೆ ಬರುತ್ತದೆ ಅಂದುಕೊಂಡೆ.

ಭಾವನ ಬಾಯಿ ತೆರೆಯಿತು. ಗೊತ್ತಾ ಅನ್ನಲು ಬಂದದ್ದು ಅಲ್ಲೇ ನಿಂತಿತು. ಹಣ್ಣು ಹಸಿ ಅಂದರೆ ತಾಯಿಯ ಕಿವಿ ಹೋಯಿತು ಎಂದು ಸಾಬೀತಾಗುತ್ತದೆ, ಸರಿ. ಆದರೆ ಹಳದಿ ಮಚ್ಚೆ, ಒಣಗಿದ ತೊಟ್ಟು, ಮೂರೂ ಕಲ್ಲುಸಕ್ಕರೆ ಎಂದದ್ದು ಯಾರು? ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಹಾಗಾಯಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕೀಯೋ ಮಾನವೋ ಎಂದು ಒಂದು ಗಳಿಗೆ ತೂಗಿದರು. ಮಾನವೇ ಗೆದ್ದಿತು. ಒಂದು ಹೋಳು ಎತ್ತಿ ಕಚ್ಚಿ, ಕಣ್ಣು ಮುಚ್ಚಿ, "ಆಹಾ! ಗೊತ್ತಾ, ಇದು ಬಿಳಿ ತಳಿ. ಬಣ್ಣ ಕಡಿಮೆ ಇದ್ದಷ್ಟೂ ಸಿಹಿ ಜಾಸ್ತಿ" ಎಂದರು.

"ಜೇನುತುಪ್ಪ ಕಣ್ರೀ" ಎಂದಳು ಓರಗಿತ್ತಿ, ಇನ್ನೂ ಹೋಳು ಕಚ್ಚುವ ಮೊದಲೇ. ನನ್ನ ಗಂಡ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ತಣ್ಣಗಿದೆ, ಚೆನ್ನಾಗಿ ತಣ್ಣಗಿದೆ" ಎಂದ. ಭಾವನ ಮಗಳು ಅರ್ಧ ಹೋಳನ್ನು ಹೂಕುಂಡದ ಹಿಂದೆ ಹಾಕಿ "ಸೂಪರ್ ಅಜ್ಜಿ" ಎಂದಳು. ಬೇಷ್! ಎಂಥ ಸಂಸಾರವಪ್ಪಾ ನಮ್ಮದು, ಗರಗಸಕ್ಕೂ ಜಗ್ಗದ ಕಾಯಿಯನ್ನು ಕರಕರ ಅಗಿಯುತ್ತಾ ಎಲ್ಲರೂ ಸ್ವರ್ಗ ಕಾಣುತ್ತಿದ್ದೇವೆ. ನನಗಂತೂ ಕುಣಿಯುವಷ್ಟು ಖುಷಿ. ಕೀ ಉಳಿಯಿತಲ್ಲ! ನಾನೂ ದೊಡ್ಡ ಹೋಳನ್ನೇ ತೆಗೆದುಕೊಂಡು, ಅತ್ತೆಗೆ ತುಟಿ ಸರಿಯಾಗಿ ಕಾಣುವಂತೆ ಎದುರಿಗೆ ನಿಂತು, "ಎಷ್ಟು ಸಿಹಿಯಿದೆ ಅತ್ತೆ!" ಎಂದೆ.

ಅತ್ತೆ ಒಂದು ಚೂರು ಬಾಯಿಗಿಟ್ಟುಕೊಂಡು ನಿಧಾನಕ್ಕೆ ಅಗಿದರು. ಅಗಿದದ್ದನ್ನು ಅಂಗೈಗೆ ಉಗುಳಿ ತಟ್ಟೆಯಲ್ಲಿಟ್ಟರು.

"ಸಪ್ಪೆ" ಎಂದರು. ಅವರ ದನಿ ಈಚೆಗೆ ದೊಡ್ಡದಾಗಿತ್ತು. ಪಕ್ಕದ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದವರೂ ತಿರುಗಿ ನೋಡಿದರು. "ನನ್ನ ಕಿವಿ ಹೋಗಿದೆ. ನಾಲಿಗೆ ಹೋಗಿಲ್ಲ."

ಭಾವನ ದವಡೆ ನಿಂತಿತು.

"ಸುಮಾರು ದಿನ ಆಯ್ತು ಹೋಗಿ. ಅಂಗಡೀಲಿ ನನ್ನ ಕಿವಿ ಕೆಲ್ಸ ಮಾಡ್ತಿರೋಳು ಇವಳು. ಈಗ್ಲೂ ಇವಳ ಮೂಗು ನೋಡಿ ಹಣ್ಣು ಆರಿಸ್ಬೇಕಿತ್ತು. ಹೊಗೆಗೆ ಸೀನು ಬಂತು. ಸೀನು ಯಾವ್ದು ಸನ್ನೆ ಯಾವ್ದು ಅಂತ ಕಾಣದಷ್ಟು ಕುರುಡಿ ಅಲ್ಲ ನಾನು. ಬಡಿದಾಗ ಹಸಿ ಕಾಯಿ ಅಂತ ಅಂಗೈಗೂ ಅನುಮಾನ ಬಂತು. ಇರ್ಲಿ, ಇಷ್ಟು ಜನದಲ್ಲಿ ಯಾರು ಬಾಯಿ ಬಿಟ್ಟು ಹೇಳ್ತಾರೆ ನೋಡೋಣ ಅಂತ ಕುಯ್ದೆ."

ಮಾತು ಮುಗಿಯುವ ಮೊದಲೇ ಭಾವನಿಗೆ ಜೀವ ಬಂತು. "ಗೊತ್ತಾ, ವಯಸ್ಸಾದ್ಮೇಲೆ ಕಿವಿ ಹೋಗೋದು ಸಹಜ ಕಣಮ್ಮಾ" ಎನ್ನುತ್ತಾ, ಕಲ್ಲಂಗಡಿಯ ನೀರು ಅಂಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದರು. ನಾಚಿಕೆ ಅನ್ನುವುದು ಎಲ್ಲಾದರೂ ಮಾರಾಟಕ್ಕಿದ್ದರೆ ಒಂದು ಕಿಲೋ ಕೊಡಿಸುತ್ತಿದ್ದೆ.

ಅತ್ತೆ ಸೊಂಟದ ಚೀಲದಿಂದ ಕೀ ತೆಗೆದರು. "ಆಡಿದ ಮಾತು ಆಡಿದ್ದೇ. ಕೊಡ್ತೀನಿ. ಈ ಹಣ್ಣು ಸಪ್ಪೆ ಅಂತ ಯಾರು ಹೇಳಿದ್ರೋ ಅವ್ರು ಕೈ ಚಾಚಿ."

ಚಾಚಿದ ಕೈ ಶರಬತ್ತಿನ ಲೋಟದ ಕಡೆ ತಿರುಗಿತು. ಪಾಪ, ಬಾಯಾರಿಕೆಯಾಗಿತ್ತಂತೆ. ನಾನು ಒಳಗೊಳಗೇ ನಕ್ಕೆ. ಆಮೇಲೆ ಅತ್ತೆಯ ಕಣ್ಣು ನನ್ನ ಮೇಲೆ ಬಂದು ನಿಂತಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ನಾನೇ ಹೆಗಲು ಮುಟ್ಟಿ ನೋಡಿಕೊಂಡೆ. ನನ್ನ ಕೈಯೂ ಚಾಚಲು ಬರುವ ಕೈಯಾಗಿರಲಿಲ್ಲ. ಅತ್ತೆ ಕೀಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು.

ಆ ರಾತ್ರಿ ಅವರ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಇಷ್ಟು ದಿನ ಯಾರಿಗಾಗಿ ಕಾಲು ಒತ್ತಿದೆ, ಯಾರ ಮಾನಕ್ಕಾಗಿ ಬಾಯಿ ಹೊಲಿದುಕೊಂಡೆ? ಭಾವನ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದರಲ್ಲ! ಹೊರಳಾಡಿ ಹೊರಳಾಡಿ, ಕೊನೆಗೆ ಹೊಳೆದದ್ದು ಒಂದೇ: ಆ ಸಾಲಿನಲ್ಲಿ ನಾನೇ ಹೋಗಿ ನಿಂತಿದ್ದೆ, ಅದೂ ದೊಡ್ಡ ಹೋಳು ಹಿಡಿದು.

ಸೋಮವಾರ ಅಂಗಡಿ ತೆರೆಯುತ್ತಿದ್ದಂತೆ ಕ್ಷೌರದಂಗಡಿಯಾತ ಫ್ಯಾನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಅತ್ತೆ ಅದನ್ನು ಮೇಜಿನ ಮೇಲಿಟ್ಟು ಓಡಿಸಿದರು. ಕಣ್ಣು ಮುಚ್ಚಲಿಲ್ಲ, ನನ್ನ ಮುಖವನ್ನೇ ನೋಡಿದರು. ಫ್ಯಾನು ನಿಜಕ್ಕೂ ಕತ್ತೆಯಾಗಿತ್ತು. ಮೇಜಿನ ಕೆಳಗೆ ನನ್ನ ಕಾಲು ಅಭ್ಯಾಸಬಲದಿಂದ ಅವರ ಪಾದದ ಕಡೆ ಸರಿಯಿತು. ಅವರು ಪಾದವನ್ನು ಹಿಂದಕ್ಕೆ ಎಳೆದುಕೊಂಡರು.

ಎದುರಿಗೆ ಗಿರಾಕಿ.

"ಬೇರಿಂಗು ಹೋಗಿದೆ ಅತ್ತೆ" ಎಂದೆ, ತುಟಿ ಕಾಣುವಂತೆ, ಬಿಡಿಸಿ ಬಿಡಿಸಿ. "ಹೋಗಿದ್ದಲ್ಲ, ನೀವು ಹಾಕಿದ್ದೇ ಸರಿಯಿಲ್ಲ. ಓರೆಯಾಗಿ ಕೂತಿದೆ. ಇದೊಂದೇ ಅಲ್ಲ. ನೀವು ಕಟ್ಟಿದ್ದನ್ನೆಲ್ಲ ನಾನು ಬಿಚ್ಚಿ ಕಟ್ತಿದ್ದೀನಿ. ನಿಮಗೆ ಕೇಳ್ಸಲ್ಲ. ಇನ್ಮೇಲೆ ಓಡಿಸಿ ನೋಡೋ ಕೆಲ್ಸ ನಂದು."

ಕ್ಷೌರದಂಗಡಿಯಾತ ಮೂಗಿನ ಮೇಲೆ ಬೆರಳಿಟ್ಟುಕೊಂಡ. ಅತ್ತೆಯ ಮುಖ ಕೆಂಪಾಯಿತು. ಅವರು ಎದ್ದು, ಸೊಂಟದ ಚೀಲದಿಂದ ಕೀ ತೆಗೆದು ನನ್ನ ಮುಂದೆ ಇಟ್ಟರು. ಆಮೇಲೆ ಫ್ಯಾನಿನ ಜಾಲರಿ ಬಿಚ್ಚಲು ಸ್ಕ್ರೂಡ್ರೈವರ್ ಹುಡುಕುತ್ತಾ ಕೇಳಿದರು:

"ಇಷ್ಟು ಹೇಳೋಕೆ ಒಂದು ಹಸಿ ಕಲ್ಲಂಗಡಿ ಬೇಕಾಯ್ತಾ ನಿಂಗೆ?"